ಹೊಗೆ ಹೊಳ್ಳಿ ಅಡುಗೆಮನೆಗೆ ಬಂದರೆ: ಅಸ್ತ್ರ ಒಲೆಯ ದೋಷ ಹುಡುಕುವ ಬಗೆ

ಎಳ್ಳ ಅಮಾವಾಸ್ಯೆಗೆ ಮೂರು ದಿನ ಇತ್ತು. ಚಿತ್ತಾಪುರ ತಾಲೂಕಿನ ನಮ್ಮ ಊರಲ್ಲಿ ಆ ದಿನ ಹೊಲಕ್ಕೆ ಚರಗ ಚೆಲ್ಲಲು ಹೋಗದ ಮನೆಯೇ ಇಲ್ಲ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಭಜ್ಜಿ, ಎಲ್ಲ ಮೊದಲೇ ಆಗಬೇಕು. ವೈನಿ ಬೆಳಿಗ್ಗೆ ಐದಕ್ಕೇ ಹಂಚು ಇಟ್ಟಿದ್ದರು. ಆರು ಗಂಟೆಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಬಂದರು.

"ಹೊಗಿ ಎಲ್ಲಾ ಹೊಳ್ಳಿ ಒಳಗೇ ಬರ್ಲಿಕತ್ತದ ನೋಡಪಾ. ನನ್ನ ಕೈಲೆ ಆಗಂಗಿಲ್ಲ."

ಅವ್ವ ಕಟ್ಟಿಗೆ ಹಸಿ ಇದೆ ಎಂದಳು. ಅಣ್ಣ ಕೊಳವೆ ಸಣ್ಣದಾಯಿತು ಎಂದ. ಕರೆಸಿದ ಗೌಂಡಿ ಒಲೆಯನ್ನೇ ಒಡೆದು ಹೊಸದು ಕಟ್ಟಬೇಕು ಎಂದ. ಕೊನೆಗೆ ತಪ್ಪು ಸಿಕ್ಕಿದ್ದು ಮೂರನೇ ಪಾತ್ರೆಯ ಕುಳಿಯ ಹಿಂದೆ. ಅಲ್ಲಿ ಅರ್ಧ ಬುಟ್ಟಿ ಬೂದಿ, ಮಸಿ ತುಂಬಿ ಹೊಗೆಯ ದಾರಿ ಎರಡು ಬೆರಳಷ್ಟೇ ಉಳಿದಿತ್ತು. ಕಟ್ಟಿಗೆ ಒಣಗಿತ್ತು, ಕೊಳವೆ ಸರಿ ಇತ್ತು, ಒಲೆಯೂ ಗಟ್ಟಿ ಇತ್ತು.

ಅವತ್ತಿನಿಂದ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಏನನ್ನೂ ಒಡೆಯುವ ಮುಂಚೆ, ಹೊಸ ಸಾಮಾನು ತರುವ ಮುಂಚೆ, ಹೊಗೆ ಹೋಗುವ ದಾರಿಯನ್ನು ಒಲೆಯ ಬಾಯಿಂದ ಕೊಳವೆಯ ತುದಿಯ ಟೋಪಿಯವರೆಗೆ ತುಂಡು ತುಂಡಾಗಿ ನೋಡುವುದು. ಎಲ್ಲಿಯವರೆಗೆ ಗಾಳಿ ಎಳೆಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗೊತ್ತಾದರೆ ತಪ್ಪು ಅಲ್ಲೇ ಇರುತ್ತದೆ.

ನಮ್ಮ ಒಲೆ ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ಅಸ್ತ್ರ ಎಂಬ ಕೇಂದ್ರ ಶುರುವಾಯಿತು. ಒಲೆಗೆ ಆ ಹೆಸರು ಬಂದದ್ದು ಅಲ್ಲಿಂದ. ಒಂದೇ ಬೆಂಕಿ, ಸಾಲಾಗಿ ಮೂರು ಕುಳಿ, ಕೊನೆಗೆ ಕೊಳವೆ. ಬೆಂಕಿಯ ಕೆಳಗೆ ಜಾಲರಿ, ಅದರ ಕೆಳಗೆ ಗಾಳಿ ಬರುವ, ಬೂದಿ ಬೀಳುವ ಜಾಗ. ಪಾತ್ರೆಗಳು ಕುಳಿಯೊಳಗೆ ಅರ್ಧ ಇಳಿದು ಕೂರುತ್ತವೆ. ಬೇರೆ ಯಾವ ಕೊಳವೆ ಒಲೆ ಇದ್ದರೂ, ಬಚ್ಚಲ ಹಂಡೆ ಒಲೆ ಇದ್ದರೂ, ಕೆಳಗೆ ಹೇಳಿದ್ದು ಬಹುಪಾಲು ಅದಕ್ಕೂ ಆಗುತ್ತದೆ.

ಮೊದಲು ಜೀವ

ಹೊಗೆ ತುಂಬಿದ ಕೋಣೆಯಲ್ಲಿ ಕೂತು ದೋಷ ಹುಡುಕಬೇಡಿ. ಉರಿಯುವ ಕಟ್ಟಿಗೆ ಎಳೆದು ಅಂಗಳಕ್ಕೆ ಹಾಕಿ, ಬಾಗಿಲು, ಕಿಟಕಿ, ಬೆಳಕಿಂಡಿ ಎಲ್ಲ ತೆಗೆಯಿರಿ. ಯಾರಿಗಾದರೂ ತಲೆನೋವು, ತಲೆಸುತ್ತು, ವಾಂತಿ ಬಂದ ಹಾಗಾದರೆ ಕೂಡಲೇ ಹೊರಗಿನ ಗಾಳಿಗೆ ಕರೆದುಕೊಂಡು ಬನ್ನಿ. ಕಡಿಮೆ ಆಗದಿದ್ದರೆ ತಡ ಮಾಡದೆ ಆಸ್ಪತ್ರೆಗೆ. ಕಣ್ಣು ಉರಿಸುವ ಹೊಗೆ ಕಾಣಿಸುತ್ತದೆ. ಆದರೆ ಅದರ ಜೊತೆ ಬರುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಹೊಗೆ ಒಂದಿಷ್ಟೂ ಕಾಣದ ಕೆಂಡದಿಂದಲೂ ಅದು ಬರುತ್ತದೆ. ಬೀದರ್ ಕಡೆ ಪುಷ್ಯದ ಚಳಿಗೆ ಬುಟ್ಟಿಯಲ್ಲಿ ಕೆಂಡ ತುಂಬಿ ಮಲಗುವ ಕೋಣೆಯಲ್ಲಿ ಇಟ್ಟು ಬಾಗಿಲು ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಅದನ್ನು ಮಾಡಬೇಡಿ. ನಿದ್ದೆಯಲ್ಲಿ ತಲೆನೋವು ಬಂದದ್ದೂ ಗೊತ್ತಾಗುವುದಿಲ್ಲ.

ಹೊಗೆ ಯಾವಾಗ ಬರುತ್ತದೆ?

ಕೈ ಹಚ್ಚುವ ಮುಂಚೆ ದಿನಾ ಅಡುಗೆ ಮಾಡುವವರನ್ನು ಕೇಳಿ. ಅರ್ಧ ಉತ್ತರ ಅವರ ಹತ್ತಿರವೇ ಇರುತ್ತದೆ.

ಹಚ್ಚುವಾಗ ಮಾತ್ರ ಹತ್ತು ನಿಮಿಷ ಬಂದು ಆಮೇಲೆ ನಿಂತರೆ ಕೊಳವೆ ತಣ್ಣಗಿದೆ ಎಂದರ್ಥ. ಬಿಸಿ ಗಾಳಿ ಹಗುರ, ಅದಕ್ಕೇ ಮೇಲೆ ಹೋಗುತ್ತದೆ. ಕೊಳವೆಯೊಳಗಿನ ಗಾಳಿ ಹೊರಗಿನದಕ್ಕಿಂತ ಬಿಸಿ ಇದ್ದರೆ ತಾನೇ ಎಳೆತ? ಇದು ನಮ್ಮ ಕಡೆ ಬೇಸಿಗೆಯಲ್ಲಿ ತಲೆಕೆಳಗಾಗುತ್ತದೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಹೊರಗೆ 42 ಡಿಗ್ರಿ ದಾಟುತ್ತದೆ. ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ ಇರುವ ಹಳೇ ಮನೆಯ ಒಳಗೆ ಅದಕ್ಕಿಂತ ಎಷ್ಟೋ ತಂಪು. ಒಲೆ ಆರಿದ್ದಾಗ ಕೊಳವೆಯ ತಂಪು ಗಾಳಿ ಭಾರವಾಗಿ ಕೆಳಗೇ ಇಳಿಯುತ್ತಿರುತ್ತದೆ. ಆಗ ಬೆಂಕಿ ಹಚ್ಚಿದರೆ ಹೊಗೆ ನಿಮ್ಮ ಮುಖಕ್ಕೇ ಬರುತ್ತದೆ. ಒಲೆಯಲ್ಲಿ ಯಾವ ದೋಷವೂ ಇಲ್ಲ. ಕೊಳವೆಯ ಬುಡದ ಮುಚ್ಚಳ ತೆಗೆದು, ಒಂದು ಹಾಳೆ ಹಳೇ ಪೇಪರ್ ಸುರುಳಿ ಮಾಡಿ ಅಲ್ಲಿ ಉರಿಸಿ. ಕೊಳವೆ ಬೆಚ್ಚಗಾಗಿ ಗಾಳಿ ಮೇಲೆ ತಿರುಗಿದ ಮೇಲೆ ಮುಚ್ಚಳ ಹಾಕಿ ಒಲೆ ಹಚ್ಚಿ.

ಪಾತ್ರೆ ಎತ್ತಿದಾಗ ಮಾತ್ರ ಬಂದರೆ ಅದು ಸಹಜ. ಕುಳಿ ತೆರೆದಿದ್ದರೆ ಹೊಗೆ ಹತ್ತಿರದ ದಾರಿ ಹಿಡಿಯುತ್ತದೆ. ಮೂರೂ ಕುಳಿಯ ಮೇಲೆ ಯಾವಾಗಲೂ ಏನಾದರೂ ಇರಲಿ. ಅಡುಗೆ ಇಲ್ಲದಿದ್ದರೆ ನೀರಿನ ಪಾತ್ರೆ ಇಡಿ. ಪಾತ್ರೆ ಇದ್ದೂ ಅದರ ಸುತ್ತ ಬೆರಳು ತೂರುವಷ್ಟು ಸಂದಿ ಇದ್ದರೆ, ಒಲೆ ಕಟ್ಟುವಾಗ ಇದ್ದ ಪಾತ್ರೆ ಬೇರೆ, ಈಗಿನದು ಬೇರೆ. ಕುಳಿಯ ಅಂಚಿಗೆ ಮಣ್ಣು ಮೆತ್ತಿ, ಅದು ಹಸಿ ಇದ್ದಾಗಲೇ ಈಗಿನ ಪಾತ್ರೆಯನ್ನು ಇಟ್ಟು ತಿರುಗಿಸಿ ಅಚ್ಚು ತೆಗೆದುಕೊಳ್ಳಿ.

ಮುಂಗಾರಿನ ಗಾಳಿ ಬೀಸುವಾಗ ಮಾತ್ರ ಬಂದರೆ ತಪ್ಪು ಮಾಳಿಗೆಯ ಮೇಲಿದೆ. ಚಳಿಗಾಲದಲ್ಲಿ ಬಾಗಿಲು ಹಾಕಿಕೊಂಡಾಗ ಮಾತ್ರ ಬಂದರೆ ಒಲೆಗೆ ಗಾಳಿ ಸಾಲುತ್ತಿಲ್ಲ. ಮೇಲೆ ಹೋಗುವ ಗಾಳಿಯ ಜಾಗಕ್ಕೆ ಬೇರೆ ಗಾಳಿ ಒಳಗೆ ಬರಬೇಕಲ್ವಾ? ಒಂದು ಕಿಟಕಿ ನಾಲ್ಕು ಬೆರಳು ತೆಗೆದು ನೋಡಿ, ಹೊಗೆ ನಿಂತರೆ ಅದೇ ಕಾರಣ. ಇತ್ತೀಚೆಗೆ ಇನ್ನೊಂದು ಜಾಸ್ತಿ ಕಾಣುತ್ತಿದೆ. ಹೊಗೆ ಹೋಗಲಿ ಎಂದು ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಹಾಕುತ್ತಾರೆ. ಬಾಗಿಲು ಮುಚ್ಚಿದ್ದರೆ ಆ ಫ್ಯಾನು ಒಲೆಯ ಕೊಳವೆಯಿಂದಲೇ ಗಾಳಿಯನ್ನು ಕೆಳಗೆ ಎಳೆಯುತ್ತದೆ. ಫ್ಯಾನ್ ಆರಿಸಿ ನೋಡಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಯಾವಾಗಲೂ, ಎಲ್ಲ ಕಾಲದಲ್ಲೂ, ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಾ ಬಂದಿದ್ದರೆ ದಾರಿ ಕಟ್ಟಿದೆ. ಅದನ್ನು ಹುಡುಕುವುದು ಹೀಗೆ.

ಪೇಪರ್ ಮತ್ತು ಊದುಬತ್ತಿ

ಒಲೆ ಪೂರ್ತಿ ತಣ್ಣಗಾಗಲಿ. ಮೂರು ಕುಳಿಯ ಮೇಲೂ ಪಾತ್ರೆ ಇರಲಿ.

ಮೊದಲು ಕೊಳವೆಯ ಬುಡದ ಮುಚ್ಚಳ ತೆಗೆದು ಅಲ್ಲಿ ಒಂದು ಪೇಪರ್ ಉರಿಸಿ. ಜ್ವಾಲೆ ಮೇಲಕ್ಕೆ ಬಾಗಿ ಗುಂಯ್ ಎಂದು ಎಳೆದುಕೊಂಡರೆ ಕೊಳವೆ, ಟೋಪಿ ಎರಡೂ ತೆರೆದಿವೆ. ಜ್ವಾಲೆ ನಿಮ್ಮ ಕಡೆ ನಾಲಿಗೆ ಚಾಚಿದರೆ ತಪ್ಪು ಕೊಳವೆಯಲ್ಲಿ. ಒಲೆ ಬಿಟ್ಟು ಮಾಳಿಗೆ ಹತ್ತಿ.

ಬುಡದಲ್ಲಿ ಚೆನ್ನಾಗಿ ಎಳೆದರೆ ಮುಚ್ಚಳ ಹಾಕಿ. ಈಗ ಮೂರನೇ ಪಾತ್ರೆ ಎತ್ತಿ ಆ ಕುಳಿಯ ಬಾಯಿಗೆ ಹೊಗೆಯಾಡುವ ಊದುಬತ್ತಿ ಹಿಡಿಯಿರಿ. ಕೊಳವೆ ಇನ್ನೂ ಬೆಚ್ಚಗಿದ್ದಾಗಲೇ ಇದನ್ನು ಮಾಡಬೇಕು. ಊದುಬತ್ತಿಯ ಹೊಗೆ ದಾರದ ಹಾಗೆ ಒಳಗೆ ಹೋಗಬೇಕು. ಹೋದರೆ ಆ ಪಾತ್ರೆ ಮುಚ್ಚಿ, ಎರಡನೆಯದು ಎತ್ತಿ. ಆಮೇಲೆ ಮೊದಲನೆಯದು. ಕೊನೆಗೆ ಕಟ್ಟಿಗೆ ಹಾಕುವ ಬಾಯಿ. ಎಲ್ಲಿ ಹೊಗೆ ಒಳಗೆ ಹೋಗದೆ ನೆಟ್ಟಗೆ ಮೇಲೆ ಏಳುತ್ತದೋ, ಅದಕ್ಕೂ ಅದಕ್ಕಿಂತ ಮುಂಚೆ ನೋಡಿದ ಜಾಗಕ್ಕೂ ನಡುವೆ ದಾರಿ ಕಟ್ಟಿದೆ. ನಡುನಡುವೆ ಕೊಳವೆ ತಣ್ಣಗಾದರೆ ಇನ್ನೊಂದು ಪೇಪರ್ ಉರಿಸಿಕೊಳ್ಳಿ.

ನಮ್ಮ ಮನೆಯಲ್ಲಿ ಅವತ್ತು ಬುಡದಲ್ಲಿ ಪೇಪರ್ ಸರ್ರನೆ ಎಳೆದುಕೊಂಡಿತು. ಮೂರನೇ ಕುಳಿಯಲ್ಲಿ ಊದುಬತ್ತಿಯ ಹೊಗೆ ಅಲುಗಾಡಲಿಲ್ಲ. ಕೈ ಹಾಕಿದೆ. ಮೆತ್ತಗೆ, ಹಿಟ್ಟಿನ ಹಾಗೆ. ಮೊಣಕೈವರೆಗೆ ಕಪ್ಪಾಯಿತು. ಆ ತಿರುವಿನಲ್ಲಿ ದಾರಿ ಸಣ್ಣದಾಗಿ ಮೇಲೆ ಏರುತ್ತದೆ. ಬೆಂಕಿಯ ಜೊತೆ ಹಾರಿ ಬಂದ ಬೂದಿಯೆಲ್ಲ ಅಲ್ಲೇ ಕೂತಿತ್ತು. ನಾವು ಆ ವರ್ಷ ಕುಳ್ಳು, ಅಂದರೆ ಸಗಣಿಯ ಬೆರಣಿ, ಜಾಸ್ತಿ ಉರಿಸಿದ್ದೆವು, ಕುಳ್ಳಿನಲ್ಲಿ ಬೂದಿ ಕಟ್ಟಿಗೆಗಿಂತ ಎಷ್ಟೋ ಪಾಲು ಹೆಚ್ಚು. ಹಳೇ ಚಮಚದಲ್ಲಿ ಕೆರೆದು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಮಧ್ಯಾಹ್ನದ ಹೊತ್ತಿಗೆ ವೈನಿ ಮತ್ತೆ ರೊಟ್ಟಿ ಬಡಿಯುತ್ತಿದ್ದರು.

ಎಲ್ಲ ಕುಳಿಯೂ ಎಳೆದು, ಬಾಯಲ್ಲಿ ಮಾತ್ರ ಹೊಗೆ ಹೊರಗೆ ಬಂದರೆ ಜಾಲರಿ ನೋಡಿ. ಕೆಳಗಿನ ಬೂದಿ ಜಾಲರಿ ಮುಟ್ಟಿದ್ದರೆ ಬೆಂಕಿಗೆ ಉಸಿರಿಲ್ಲ. ಬೂದಿ ತೆಗೆದರೆ ಸಾಕು. ಅದೂ ಸರಿ ಇದ್ದರೆ ಬಾಯಿಯ ಅಳತೆ ನೋಡಿ. ನಮ್ಮ ಅತ್ತೆಯ ಮನೆಯಲ್ಲಿ ದೊಡ್ಡ ಕೊರಡು ಹಿಡಿಯಲಿ ಎಂದು ರಿಪೇರಿಗೆ ಬಂದವನೊಬ್ಬ ಒಲೆಯ ಬಾಯಿಯನ್ನೇ ಒಡೆದು ಅಗಲ ಮಾಡಿದ್ದ. ಆಮೇಲೆ ಹೊಗೆ ನಿಲ್ಲಲೇ ಇಲ್ಲ. ಬಾಯಿ ಅಗಲವಾದರೆ ತಣ್ಣನೆ ಗಾಳಿ ಬೆಂಕಿಯ ಮೇಲಿಂದ ನುಗ್ಗಿ ಕೊಳವೆಯನ್ನು ತಣ್ಣಗೆ ಮಾಡುತ್ತದೆ. ಕಟ್ಟಿಗೆಯನ್ನು ಸಣ್ಣಗೆ ಸೀಳಬೇಕೇ ಹೊರತು ಬಾಯಿ ದೊಡ್ಡದು ಮಾಡಬಾರದು.

ಮಾಳಿಗೆಯ ಮೇಲೆ

ಟೋಪಿ ಜಾರಿ ಕೊಳವೆಯ ಬಾಯಿ ಮೇಲೇ ಕೂತಿರಬಹುದು. ಕಣಜ ಗೂಡು ಕಟ್ಟಿರಬಹುದು. ಟೋಪಿಯ ಒಳಗೆ ಇಲ್ಲಣ ಗೊಂಚಲಾಗಿ ಜೋತು ಬಿದ್ದಿರಬಹುದು. ಇವು ಮೂರೂ ಕಣ್ಣಿಗೇ ಕಾಣುತ್ತವೆ.

ಕಾಣದೇ ಇರುವುದು ಎತ್ತರದ ತಪ್ಪು. ಕೊಳವೆ ಮಾಳಿಗೆಯಿಂದ ಕನಿಷ್ಠ 3 ಅಡಿ ಮೇಲಿರಬೇಕು. ಅದರ ಸುತ್ತ 10 ಅಡಿ ಒಳಗೆ ಏನೇ ಇರಲಿ, ಕುಂಬಿ, ನೀರಿನ ಟ್ಯಾಂಕ್, ಪಕ್ಕದವರ ಗೋಡೆ, ಅದಕ್ಕಿಂತ 2 ಅಡಿ ಮೇಲೆ ಹೋಗಬೇಕು. ಒಲೆ ಕಟ್ಟಿಸಿದಾಗ ಸರಿ ಇದ್ದದ್ದು ಪಕ್ಕದವರು ಮೇಲೊಂದು ಕೋಣೆ ಏರಿಸಿದ ಮೇಲೆ ಕೆಡುತ್ತದೆ. ಗಾಳಿ ಆ ಗೋಡೆಗೆ ಬಡಿದು ಕೆಳಗೆ ಉರುಳಿ ಕೊಳವೆಯೊಳಗೆ ಇಳಿಯುತ್ತದೆ. ಇದಕ್ಕೆ ಕೊಳವೆ ಎತ್ತರಿಸಬೇಕು.

ಮೇಲೆ ಹತ್ತಿದಾಗ ಕೊಳವೆ ಮಾಳಿಗೆ ತೂರುವ ಜಾಗವನ್ನೂ ನೋಡಿ. ನಮ್ಮ ಹಳೇ ಮನೆಗಳಲ್ಲಿ ತೊಲೆ, ಜಂತಿ ಎಲ್ಲ ಕಟ್ಟಿಗೆಯವು. ಬರಿ ತಗಡಿನ ಕೊಳವೆ ಅವುಗಳಿಂದ ಒಂದೂವರೆ ಅಡಿ ದೂರ ಇರಬೇಕು. ಅಷ್ಟು ಜಾಗ ಇಲ್ಲದಿದ್ದರೆ ಸುತ್ತ ಇಟ್ಟಿಗೆಯ ಗೂಡು ಕಟ್ಟಿಸಿ. ಜಂತಿ ಕಪ್ಪಾಗಿದ್ದರೆ, ಕೈ ಇಟ್ಟಾಗ ಸುಡುತ್ತಿದ್ದರೆ ಅದು ಸರಿಯಾಗುವವರೆಗೆ ಒಲೆ ಹಚ್ಚಬೇಡಿ.

ಹಳೇ ಒಲೆಗಳ ಕೊಳವೆ ಎಷ್ಟೋ ಕಡೆ ಬೂದಿಬಣ್ಣದ ಸಿಮೆಂಟ್ ಪೈಪು. ಅದರಲ್ಲಿ ಕಲ್ನಾರು ಇರುತ್ತದೆ, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ಕೊಯ್ಯಬೇಡಿ, ಒಡೆಯಬೇಡಿ, ಒಣಗಿದ್ದಾಗ ಉಜ್ಜಬೇಡಿ. ಒಡೆದಿದ್ದರೆ ನೀರು ಚಿಮುಕಿಸಿ ಹಸಿ ಮಾಡಿ, ಮುಖಕ್ಕೆ ಒಳ್ಳೆಯ ಮಾಸ್ಕ್ ಹಾಕಿ, ಇಡಿಯಾಗಿಯೇ ಇಳಿಸಿ ತಗಡಿನದು ಹಾಕಿಸಿ.

ಕಟ್ಟಿಗೆಯ ಮಾತು

ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ತೊಗರಿ ಕಟ್ಟಿಗೆಗೆ ಬರವಿಲ್ಲ. ಅದು ಹಗುರ, ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಒಂದು ಹಿಡಿ ಒಟ್ಟಿಗೆ ತುರುಕಿದರೆ ಒಮ್ಮೆಲೇ ಎಷ್ಟು ಹೊಗೆ ಏಳುತ್ತದೆ ಎಂದರೆ ಯಾವ ಕೊಳವೆಯೂ ಅದನ್ನು ಎಳೆಯಲಾರದು. ನಾಲ್ಕೈದು ಕಡ್ಡಿ ಹಾಕುತ್ತಾ ಹೋಗಬೇಕು. ಜಾಲಿ, ಬಳ್ಳಾರಿ ಜಾಲಿ ಗಟ್ಟಿ ಕಟ್ಟಿಗೆ, ಕೆಂಡ ಚೆನ್ನಾಗಿ ನಿಲ್ಲುತ್ತದೆ. ರೊಟ್ಟಿಗೆ ಅದೇ ಸರಿ ಎಂದು ವೈನಿ ಹೇಳುತ್ತಾರೆ. ಆದರೆ ಸೀಳಿ, ಒಂದು ಬೇಸಿಗೆಯಾದರೂ ಒಣಗಿಸಬೇಕು.

ಒಣಗಿದೆಯೋ ಇಲ್ಲವೋ ನೋಡಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ. ಠಣ್ ಎಂದರೆ ಒಣಗಿದೆ, ಡಬ್ ಎಂದರೆ ಒಳಗೆ ನೀರಿದೆ. ತುದಿಯಲ್ಲಿ ಬಿರುಕು ಬಿಟ್ಟಿರಬೇಕು. ಉರಿಯುವಾಗ ತುದಿಯಿಂದ ನೊರೆ ಬಂದು ಸುಯ್ಯೆಂದರೆ ನಿಮ್ಮ ಬೆಂಕಿ ಅಡುಗೆ ಬಿಟ್ಟು ಆ ನೀರನ್ನು ಕುದಿಸುತ್ತಿದೆ. ಬೆಂಕಿ ತಣ್ಣಗಾದರೆ ಹೊಗೆ ಪೂರ್ತಿ ಉರಿಯುವುದಿಲ್ಲ, ಕೊಳವೆಯಲ್ಲಿ ಟಾರಿನ ಹಾಗೆ ಅಂಟಿಕೊಳ್ಳುತ್ತದೆ.

ಹಾಲಿನ ಪ್ಯಾಕೆಟ್, ಪ್ಲಾಸ್ಟಿಕ್ ಚೀಲ, ಬಣ್ಣ ಹಚ್ಚಿದ ಹಳೇ ಬಾಗಿಲು, ಚಪ್ಪಲಿ, ಇವನ್ನು ಒಲೆ ಹಚ್ಚಲು ಬಳಸಬೇಡಿ. ಅದರ ಹೊಗೆ ವಿಷ. ಸೀಮೆಎಣ್ಣೆ, ಪೆಟ್ರೋಲನ್ನು ಕೆಂಡದ ಮೇಲೆ ಸುರಿಯಲೇಬಾರದು.

ಬಿರುಕು ಮತ್ತು ಮೆತ್ತುವ ಮಣ್ಣು

ಒಲೆ ಉರಿಯುವಾಗ ಊದುಬತ್ತಿಯನ್ನು ಒಲೆಯ ಗೋಡೆ, ಕೊಳವೆಯ ಕೀಲುಗಳ ಸುತ್ತ ತಿರುಗಿಸಿ. ಹೊಗೆ ಎಲ್ಲಾದರೂ ಒಳಗೆ ಎಳೆದುಕೊಂಡರೆ ಅಲ್ಲಿ ಬಿರುಕಿದೆ. ಆ ಬಿರುಕಿನಿಂದ ತಣ್ಣನೆ ಗಾಳಿ ನುಗ್ಗಿ ಎಳೆತ ಕಡಿಮೆ ಮಾಡುತ್ತದೆ.

ಇದನ್ನು ಮೆತ್ತಲು ಮನೆ ಮುಂದಿನ ಎರೆ ಮಣ್ಣು ತರಬೇಡಿ. ಬೇಸಿಗೆಯಲ್ಲಿ ನಮ್ಮ ಹೊಲ ಹೇಗೆ ಬಾಯಿ ಬಿಡುತ್ತದೆ ನೋಡಿದ್ದೀರಲ್ಲ, ಒಲೆಯ ಮೇಲೂ ಅದು ಹಾಗೇ ಬಾಯಿ ಬಿಡುತ್ತದೆ. ಎರೆ ಮಣ್ಣು ಹಸಿ ಆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಕೆಂಪು ಮಣ್ಣು, ಮರಳು, ಸಣ್ಣಗೆ ಮಾಡಿದ ಹೊಟ್ಟು, ಸಗಣಿ ಕಲಸಿ ಒಂದು ರಾತ್ರಿ ಬಿಟ್ಟು ಮೆತ್ತಿ. ಬೀದರ್ ಕಡೆಯವರಿಗೆ ಕೆಂಪು ಮಣ್ಣು ಕಾಲ ಕೆಳಗೇ ಇದೆ, ನಾವು ಹುಡುಕಿಕೊಂಡು ಹೋಗಬೇಕು. ಬೆಂಕಿಯ ಗೂಡಿನ ಒಳಗೆ ಶಹಾಬಾದ್ ಕಲ್ಲು ಇಡಬೇಡಿ. ಅದು ಸುಣ್ಣದ ಕಲ್ಲು, ನೆಲಕ್ಕೆ ಬಂಗಾರದಂಥದ್ದು, ಬೆಂಕಿಗೆ ಸಿಡಿದು ಚಕ್ಕೆ ಏಳುತ್ತದೆ. ಗೂಡಿಗೆ ಸುಟ್ಟ ಇಟ್ಟಿಗೆಯೇ ಆಗಬೇಕು.

ಚಳಿ ದೇಶದ ಒಲೆಯಲ್ಲಿ ಇದೇ ದೋಷ

ಕಾಕಾನ ಮಗ ಅಮೆರಿಕದಲ್ಲಿದ್ದಾನೆ. ಮನೆ ಬೆಚ್ಚಗಿಡಲು ಅವರಲ್ಲಿ ಕೆಟಲಿಟಿಕ್ ಕಟ್ಟಿಗೆ ಒಲೆ ಇದೆ. "ಅಣ್ಣಾ, ಬಾಗಿಲು ತೆಗೆದ್ರ ಹೊಗಿ ಮುಖಕ್ಕ ಬರ್ತದ" ಎಂದು ಫೋನ್ ಮಾಡಿದ್ದ. ಆ ಒಲೆಯಲ್ಲಿ ಹೊಗೆಯ ದಾರಿಗೆ ಅಡ್ಡವಾಗಿ ಜೇನುಗೂಡಿನಂಥ ಪಿಂಗಾಣಿ ಬಿಲ್ಲೆ ಇರುತ್ತದೆ, ಅದಕ್ಕೆ ಪಲ್ಲೇಡಿಯಂ, ಪ್ಲಾಟಿನಂ ಲೇಪ. ಹೊಗೆ ತಾನಾಗಿ ಉರಿಯಲು ಸುಮಾರು 600 ಡಿಗ್ರಿ ಬೇಕು. ಈ ಬಿಲ್ಲೆ ಮುಟ್ಟಿದರೆ ಸುಮಾರು 260 ಡಿಗ್ರಿಗೇ ಉರಿಯುತ್ತದೆ. ಹೊಗೆ ಎಂದರೆ ಉರಿಯದೆ ಉಳಿದ ಕಟ್ಟಿಗೆಯೇ, ಅದನ್ನೂ ಉರಿಸಿಕೊಳ್ಳುವ ಉಪಾಯ ಇದು.

ಹಚ್ಚುವಾಗ ಹೊಗೆಗೆ ನೇರ ದಾರಿ ಬಿಡುವ ಒಂದು ಹಿಡಿಕೆ ಇರುತ್ತದೆ. ಬಿಲ್ಲೆ 260 ಡಿಗ್ರಿ ಮುಟ್ಟಿದ ಮೇಲೆ ಅದನ್ನು ಮುಚ್ಚಬೇಕು. ಬಾಗಿಲು ತೆಗೆಯುವ ಮುಂಚೆ ಮತ್ತೆ ತೆಗೆಯಬೇಕು, ತೆಗೆಯದಿದ್ದರೆ ಹೊಗೆ ಸಣ್ಣ ರಂಧ್ರಗಳಲ್ಲಿ ತೂರಲಾರದೆ ಕೋಣೆಗೆ ಬರುತ್ತದೆ. ಅವನು ಮರೆತದ್ದು ಅದನ್ನೇ. ಹಿಡಿಕೆ ಸರಿ ಇದ್ದೂ ಹೊಗೆ ಬಂದರೆ ಬಿಲ್ಲೆಯ ರಂಧ್ರಗಳಲ್ಲಿ ಬೂದಿ ಕೂತಿದೆ. ಪೂರ್ತಿ ಆರಿದ ಮೇಲೆ ಮೆತ್ತನೆ ಬ್ರಷ್‌ನಿಂದ ಒರೆಸಬೇಕು, ಚೂಪಾದದ್ದು ಹಾಕಿ ಕೆರೆಯಬಾರದು. ಬಿಸಿ ಇದ್ದೂ ಕೊಳವೆಯಿಂದ ದಟ್ಟ ಹೊಗೆ ಬರುತ್ತಿದ್ದರೆ ಲೇಪ ಕೆಟ್ಟಿದೆ. ಪ್ಲಾಸ್ಟಿಕ್, ಬಣ್ಣದ ಕಟ್ಟಿಗೆ ಉರಿಸಿದರೆ ಲೇಪ ಬೇಗ ಹೋಗುತ್ತದೆ. ಕಾದ ಬಿಲ್ಲೆಗೆ ಹಸಿ ಕಟ್ಟಿಗೆಯ ಆವಿ ಬಡಿದರೆ ಬಿಲ್ಲೆಯೇ ಬಿರುಕು ಬಿಡುತ್ತದೆ.

ಮಸಿಗೆ ಬೆಂಕಿ ಹತ್ತಿದರೆ

ಕೊಳವೆಯೊಳಗಿಂದ ಗುಡುಗಿನ ಹಾಗೆ ಭೋರ್ ಎಂಬ ಸದ್ದು, ಟೋಪಿಯಿಂದ ಕಿಡಿ, ತಗಡು ಕೆಂಪಾಗುವುದು. ಇದು ಅಂಟಿದ ಮಸಿಗೆ ಬೆಂಕಿ ಹತ್ತಿದ ಲಕ್ಷಣ. ಎಲ್ಲರನ್ನೂ ಹೊರಗೆ ಕಳಿಸಿ, 112 ಅಥವಾ 101ಕ್ಕೆ ಫೋನ್ ಮಾಡಿ. ಕೈಗೆ ಅಪಾಯ ಇಲ್ಲದಿದ್ದರೆ ಮಾತ್ರ ಒಲೆಯ ಬಾಯಿಗೂ ಗಾಳಿಯ ಕಿಂಡಿಗೂ ತಗಡು ಅಡ್ಡ ಇಡಿ, ಗಾಳಿ ನಿಂತರೆ ಬೆಂಕಿ ಇಳಿಯುತ್ತದೆ. ಕೊಳವೆಗೆ ನೀರು ಸುರಿಯಬೇಡಿ. ಆವಿ ಸಿಡಿದು ಕೊಳವೆ ಒಡೆಯುತ್ತದೆ, ಕೆಳಗಿದ್ದವರು ಸುಟ್ಟುಕೊಳ್ಳುತ್ತಾರೆ. ಬೆಂಕಿ ಆರಿದ ಮೇಲೂ ಪ್ರತಿ ಕೀಲು ನೋಡದೆ ಒಲೆ ಹಚ್ಚಬಾರದು.

ಈ ಸ್ಥಿತಿ ಬಾರದಿರಲು ಕೊಳವೆ ತಿಂಗಳಿಗೊಮ್ಮೆ ಸ್ವಚ್ಛ ಮಾಡಿ. ತೆಂಗಿನ ನಾರನ್ನು ಕೊಳವೆಯ ಅಗಲಕ್ಕೆ ಉಂಡೆ ಕಟ್ಟಿ, ಕೆಳಗೆ ಒಂದು ಕಲ್ಲು ತೂಗು ಹಾಕಿ, ಹಗ್ಗದಲ್ಲಿ ಮೇಲಿಂದ ಇಳಿಸಿ ಎಳೆದರೆ ಸಾಕು. ಸಿಮೆಂಟ್ ಪೈಪಿಗೆ ಇದು ಬೇಡ, ಉಜ್ಜಿದರೆ ಕಲ್ನಾರಿನ ಪುಡಿ ಏಳುತ್ತದೆ. ಕುಳಿಗಳ ನಡುವಿನ ದಾರಿಯನ್ನು ನಾವು ಎರಡು ವಾರಕ್ಕೊಮ್ಮೆ ಕೆರೆಯುತ್ತೇವೆ, ಕುಳ್ಳು ಉರಿಸುವ ತಿಂಗಳುಗಳಲ್ಲಿ ವಾರಕ್ಕೊಮ್ಮೆ. ಜಾಲರಿಯ ಕೆಳಗಿನ ಬೂದಿ ಮಾತ್ರ ದಿನಾ ಬೆಳಿಗ್ಗೆ ತೆಗೆಯಬೇಕು.

ತೆಗೆದ ಬೂದಿ ತಣ್ಣಗಿದೆ ಎಂದು ನಂಬಬೇಡಿ. ಒಳಗೆ ಕೆಂಡ ಮರುದಿನದವರೆಗೂ ಜೀವ ಹಿಡಿದಿರುತ್ತದೆ. ಒಂದು ಬೇಸಿಗೆ ನಾನು ತಿಪ್ಪೆಗೆ ಚೆಲ್ಲಿದ ಬೂದಿಯಿಂದ ಸಂಜೆ ಗಾಳಿಗೆ ಕಿಡಿ ಎದ್ದು, ಹತ್ತು ಮಾರು ದೂರದ ಕಣಿಕೆ ಬಣವೆಯ ಅಂಚು ಹತ್ತಿತು. ಎತ್ತಿಗೆ ನೀರು ಕುಡಿಸುತ್ತಿದ್ದ ಅಣ್ಣ ಬಕೆಟ್ ಹಿಡಿದೇ ಓಡಿದ್ದರಿಂದ ವರ್ಷದ ಮೇವು ಉಳಿಯಿತು. ಈಗ ಬೂದಿಯನ್ನು ಮುಚ್ಚಳ ಇರುವ ತಗಡಿನ ಡಬ್ಬಿಗೆ ತುಂಬಿ, ಅಂಗಳದ ಫರಸಿಯ ಮೇಲೆ ಎರಡು ದಿನ ಇಟ್ಟು, ನೀರು ಹಾಕಿ ಕಲಸಿದ ಮೇಲೆಯೇ ತಿಪ್ಪೆಗೆ ಒಯ್ಯುತ್ತೇವೆ.